ವಿಂಬಲ್ಡನ್ ಹುಲ್ಲು ಈಗ ನೆಟ್ ಹತ್ತಿರ ಯಾಕೆ ಸವೆಯುವುದಿಲ್ಲ?

1990ರ ದಶಕದ ಯಾವುದಾದರೂ ವಿಂಬಲ್ಡನ್ ಪುರುಷರ ಫೈನಲ್‌ನ ಹಳೆಯ ಫೋಟೋ ಸಿಕ್ಕರೆ ಆಟಗಾರರನ್ನು ಬಿಟ್ಟು ನೆಲವನ್ನು ನೋಡಿ. ಎರಡು ವಾರ ಆಡಿದ ಮೇಲೆ ಬೇಸ್‌ಲೈನ್‌ನಲ್ಲಿ ಹುಲ್ಲು ಹೋಗಿ ಮಣ್ಣು ಕಾಣುವುದು ಸಹಜ. ಆದರೆ ಅಲ್ಲಿಂದ ನೆಟ್ ಕಡೆಗೂ ಒಂದು ಕಂದು ಬಣ್ಣದ ಪಟ್ಟೆ ಹೋಗಿರುತ್ತದೆ. ಗದ್ದೆಯ ನಡುವೆ ಜನ ಓಡಾಡಿ ಬಿದ್ದ ಕಾಲುದಾರಿಯ ಹಾಗೆ. ಈಗ ಮೊನ್ನೆ ಮೊನ್ನೆಯ ಫೈನಲ್‌ನ ಫೋಟೋ ನೋಡಿ. ಬೇಸ್‌ಲೈನ್ ಉದ್ದಕ್ಕೂ ಹುಲ್ಲು ಬೋಳಾಗಿದೆ, ಅಂಗಳದ ನಡುಭಾಗ ಮಾತ್ರ ಬಹುತೇಕ ಹಸಿರಾಗಿಯೇ ಇದೆ. ಆ ದಾರಿಯಲ್ಲಿ ಓಡುವವರು ಈಗ ಕಡಿಮೆ.

ಆ ಕಾಲುದಾರಿಯನ್ನು ಮಾಡಿದ ಆಟದ ಹೆಸರು ಸರ್ವ್ ಅಂಡ್ ವಾಲಿ. ಚೆಂಡನ್ನು ಸರ್ವ್ ಮಾಡಿದ ಕೂಡಲೇ ಆಟಗಾರ ಅದರ ಹಿಂದೆಯೇ ನೆಟ್ ಕಡೆಗೆ ನುಗ್ಗುತ್ತಾನೆ. ಎದುರಾಳಿ ಹೊಡೆದ ಚೆಂಡು ನೆಲಕ್ಕೆ ಬೀಳುವ ಮೊದಲೇ ಅದನ್ನು ತಡೆದು ಖಾಲಿ ಜಾಗಕ್ಕೆ ತಳ್ಳುತ್ತಾನೆ. ರಾಡ್ ಲೇವರ್, ಜಾನ್ ಮೆಕೆನ್ರೋ, ಬೋರಿಸ್ ಬೆಕರ್, ಸ್ಟೀಫನ್ ಎಡ್ಬರ್ಗ್, ಪೀಟ್ ಸಾಂಪ್ರಾಸ್ ಎಲ್ಲರೂ ವಿಂಬಲ್ಡನ್ ಗೆದ್ದದ್ದು ಹೀಗೆಯೇ. ದೂರದರ್ಶನದಲ್ಲಿ ಬೆಕರ್–ಎಡ್ಬರ್ಗ್ ಫೈನಲ್ ನೋಡಿ ಬೆಳೆದ ನನ್ನಂಥವರಿಗೆ ಟೆನಿಸ್ ಎಂದರೆ ಹಾರಿ ಬಿದ್ದು ವಾಲಿ ಹೊಡೆಯುವುದು ಎಂದೇ ಅರ್ಥವಾಗಿತ್ತು.

ಅದು ಎಷ್ಟು ಬೇಗ ಮರೆಯಾಯಿತು ಎನ್ನುವುದೇ ಆಶ್ಚರ್ಯ. 2001ರ ವಿಂಬಲ್ಡನ್ ಫೈನಲ್‌ನಲ್ಲಿ ಗೊರಾನ್ ಇವಾನಿಸೆವಿಚ್ ಮತ್ತು ಪ್ಯಾಟ್ ರಾಫ್ಟರ್ ಆಡಿದರು. ಇಬ್ಬರೂ ಸರ್ವ್ ಮಾಡಿ ನೆಟ್‌ಗೆ ಓಡುವವರೇ. ಮರುವರ್ಷದ ಫೈನಲ್ ಲೇಟನ್ ಹೆವಿಟ್ ಮತ್ತು ಡೇವಿಡ್ ನಾಲ್ಬಂಡಿಯನ್ ನಡುವೆ ನಡೆಯಿತು. ಆ ಇಡೀ ಪಂದ್ಯದಲ್ಲಿ ಇಬ್ಬರಲ್ಲಿ ಒಬ್ಬರೂ ಒಂದೇ ಒಂದು ಬಾರಿಯೂ ಸರ್ವ್ ಹಿಂದೆ ನೆಟ್‌ಗೆ ಓಡಲಿಲ್ಲ. ಒಂದು ವರ್ಷದಲ್ಲಿ ಮನುಷ್ಯರ ತೋಳು, ಕಾಲು ಬದಲಾಗುವುದಿಲ್ಲ. ಹಾಗಾದರೆ ಬದಲಾಗಿದ್ದು ಏನು?

ರ‍್ಯಾಕೆಟ್ ಮೇಲೆ ಹೊರಿಸಿದ ಆರೋಪ

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಹೀಗಿರುತ್ತದೆ: "ಮರದ ರ‍್ಯಾಕೆಟ್ ಹೋಗಿ ಗ್ರಾಫೈಟ್ ಬಂತು, ಚೆಂಡಿನ ವೇಗ ವಿಪರೀತ ಹೆಚ್ಚಾಯಿತು, ಕೌಶಲದ ಆಟ ಸತ್ತಿತು." ಇದರಲ್ಲಿ ಅರ್ಧ ಸತ್ಯ ಇದೆ, ಅರ್ಧ ತಪ್ಪು.

ತಪ್ಪು ಯಾವುದು ಎಂದು ಮೊದಲು ನೋಡೋಣ. 1997ರಲ್ಲಿ ಅಮೆರಿಕದ ಒಂದು ಟೆನಿಸ್ ಪತ್ರಿಕೆ ಆಸ್ಟ್ರೇಲಿಯಾದ ಮಾರ್ಕ್ ಫಿಲಿಪ್ಪೌಸಿಸ್ ಕೈಗೆ ಎರಡು ರ‍್ಯಾಕೆಟ್ ಕೊಟ್ಟು ಸರ್ವ್ ಮಾಡಿಸಿತು. ಒಂದು ಆತನದೇ ಆಧುನಿಕ ರ‍್ಯಾಕೆಟ್, ಇನ್ನೊಂದು ಹಳೆಯ ಕಾಲದ ಮರದ್ದು. ಆತ ಆ ಕಾಲದ ಅತಿ ವೇಗದ ಸರ್ವ್‌ಗಳಿಗೆ ಹೆಸರಾದವನು. ಆಧುನಿಕ ರ‍್ಯಾಕೆಟ್‌ನಲ್ಲಿ ಸರಾಸರಿ ವೇಗ ಗಂಟೆಗೆ ಸುಮಾರು 200 ಕಿ.ಮೀ. ಬಂತು. ಮರದ್ದರಲ್ಲಿ ಸುಮಾರು 196. ವ್ಯತ್ಯಾಸ ನೂರಕ್ಕೆ ಎರಡರಷ್ಟು!

ಅಂದರೆ ಚೆಂಡು ರ‍್ಯಾಕೆಟ್‌ನ ಸರಿಯಾದ ನಡುಭಾಗಕ್ಕೆ ಬಿದ್ದರೆ ಮರವೂ ಗ್ರಾಫೈಟೂ ಹೆಚ್ಚುಕಡಿಮೆ ಒಂದೇ. ಕಷ್ಟ ಇರುವುದು ನಡುಭಾಗಕ್ಕೆ ಬೀಳದಿದ್ದಾಗ. ಮರದ ರ‍್ಯಾಕೆಟ್‌ನ ಮುಖದ ಅಳತೆ ಸುಮಾರು 420 ಚದರ ಸೆಂಟಿಮೀಟರ್. ಇಂದಿನ ಆಟಗಾರರದ್ದು 610ರಿಂದ 645. ಮರದಲ್ಲಿ ಅಷ್ಟು ದೊಡ್ಡ ಮುಖ ಮಾಡಿದರೆ ಬಿಗಿದ ಎಳೆಗಳ ಸೆಳೆತಕ್ಕೆ ಅದು ಬಾಗುತ್ತದೆ ಅಥವಾ ಸೀಳುತ್ತದೆ. ಮಳೆಗಾಲದಲ್ಲಿ ಸಣ್ಣ ಮುಖದ ರ‍್ಯಾಕೆಟ್ಟೇ ಸೊಟ್ಟಗಾಗುತ್ತಿತ್ತು. ನಾಲ್ಕು ಮೂಲೆಗೆ ತಿರುಪು ಇರುವ ಮರದ ಚೌಕಟ್ಟಿನಲ್ಲಿ ಅದನ್ನು ಬಿಗಿದು ಇಡುತ್ತಿದ್ದುದು ಹಳಬರಿಗೆ ನೆನಪಿರಬಹುದು.

ಚೆಂಡು ಮುಖದ ಅಂಚಿಗೆ ಬಡಿದರೆ ರ‍್ಯಾಕೆಟ್ ಕೈಯಲ್ಲೇ ತಿರುಚಿಕೊಳ್ಳುತ್ತದೆ. ಈ ತಿರುಚುವಿಕೆಯನ್ನು ತಡೆಯುವ ಶಕ್ತಿ ಚೌಕಟ್ಟಿನ ತೂಕ ನಡುಗೆರೆಯಿಂದ ಎಷ್ಟು ದೂರದಲ್ಲಿದೆ ಎನ್ನುವುದರ ವರ್ಗದಷ್ಟು ಹೆಚ್ಚುತ್ತದೆ. ಅದೇ ತೂಕವನ್ನು ಒಂದೂವರೆ ಪಟ್ಟು ದೂರ ಇಟ್ಟರೆ ತಡೆಯುವ ಶಕ್ತಿ ಎರಡೂಕಾಲು ಪಟ್ಟು. ಅಮೆರಿಕದ ಹೊವರ್ಡ್ ಹೆಡ್ ಎಂಬ ಎಂಜಿನಿಯರ್ 1976ರಲ್ಲಿ 'ಪ್ರಿನ್ಸ್' ಹೆಸರಿನ ದೊಡ್ಡ ಮುಖದ ರ‍್ಯಾಕೆಟ್ ತಂದದ್ದು ಇದೇ ತತ್ವದ ಮೇಲೆ. ಮೊದಲು ಜನ ನಕ್ಕರು. ಮೆಕೆನ್ರೋ 1981ರಲ್ಲಿ ಮರದ ರ‍್ಯಾಕೆಟ್ ಹಿಡಿದೇ ವಿಂಬಲ್ಡನ್ ಗೆದ್ದ. ಆಮೇಲೆ ಕೆಲವೇ ವರ್ಷಗಳಲ್ಲಿ ಮರ ಮಾಯವಾಯಿತು.

ಹಾಗಾಗಿ ಹೊಸ ರ‍್ಯಾಕೆಟ್ ಕೊಟ್ಟದ್ದು ವೇಗಕ್ಕಿಂತ ಹೆಚ್ಚಾಗಿ ಧೈರ್ಯ. ಚೂರು ತಪ್ಪಿದರೂ ಚೆಂಡು ಅಂಗಳದೊಳಗೆ ಬೀಳುತ್ತದೆ ಎಂಬ ನಂಬಿಕೆ ಇದ್ದರೆ ಪ್ರತಿ ಹೊಡೆತವನ್ನೂ ಪೂರ್ತಿ ಬೀಸಿ ಹೊಡೆಯಬಹುದು.

ಆದರೆ ಕಾಲದ ಲೆಕ್ಕ ಹೊಂದುವುದಿಲ್ಲ. ಗ್ರಾಫೈಟ್ ಬಂದದ್ದು 1980ರ ದಶಕದಲ್ಲಿ. ನೆಟ್‌ಗೆ ನುಗ್ಗುವ ಆಟ ಅದಾದ ಮೇಲೂ ಸುಮಾರು 20 ವರ್ಷ ರಾಜನಂತೆ ಮೆರೆಯಿತು. ಹೊಸ ರ‍್ಯಾಕೆಟ್‌ನ ಮೊದಲ ಲಾಭ ಸಿಕ್ಕಿದ್ದೇ ಸರ್ವ್ ಮಾಡುವವರಿಗೆ. 1991ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಎಡ್ಬರ್ಗ್ ತನ್ನ ಸರ್ವ್ ಇದ್ದ ಒಂದೂ ಗೇಮ್ ಕಳೆದುಕೊಳ್ಳದೆ ಪಂದ್ಯವನ್ನೇ ಸೋತ! ಮೈಕೆಲ್ ಸ್ಟಿಕ್ ಮೂರು ಟೈಬ್ರೇಕರ್ ಗೆದ್ದು ಫೈನಲ್‌ಗೆ ಹೋದ. 1994ರ ಸಾಂಪ್ರಾಸ್–ಇವಾನಿಸೆವಿಚ್ ಫೈನಲ್ ನೋಡಿದವರು 'ಸರ್ವ್, ಮುಗೀತು, ಸರ್ವ್, ಮುಗೀತು, ಇದೇನು ಆಟ' ಎಂದು ಬೇಸರಪಟ್ಟುಕೊಂಡರು. ಈಗ ಅದೇ ಆಟವನ್ನು ನೆನೆದು ನಿಟ್ಟುಸಿರು ಬಿಡುವವರಲ್ಲಿ ಆಗ ಬೈದವರೂ ಇದ್ದಾರೆ.

ನಿಜವಾದ ಬದಲಾವಣೆ ಎಳೆಗಳಲ್ಲಿ

ಶಟಲ್ ಆಡುವವರು ಬ್ಯಾಟಿಗೆ 'ಗಟ್ಟಿಂಗ್' ಹಾಕಿಸುತ್ತೇವೆ ಅನ್ನುತ್ತಾರಲ್ಲ, ಆ 'ಗಟ್' ಎಂದರೆ ಕರುಳು. ನೂರಕ್ಕೂ ಹೆಚ್ಚು ವರ್ಷ ಟೆನಿಸ್ ರ‍್ಯಾಕೆಟ್‌ನ ಒಳ್ಳೆಯ ಎಳೆಗಳನ್ನು ಕುರಿ, ದನಗಳ ಕರುಳಿನಿಂದಲೇ ಮಾಡುತ್ತಿದ್ದರು. ಆಮೇಲೆ ನೈಲಾನ್ ಬಂತು. 1990ರ ದಶಕದಲ್ಲಿ ಪಾಲಿಯೆಸ್ಟರ್ ಬಂತು. 1997ರ ಫ್ರೆಂಚ್ ಓಪನ್‌ಗೆ ಬ್ರೆಜಿಲ್‌ನ ಗುಸ್ತಾವೊ ಕುರ್ಟೆನ್ ಬಂದಾಗ ಆತನ ರ‍್ಯಾಂಕಿಂಗ್ 66. ಯಾರಿಗೂ ಅಷ್ಟಾಗಿ ಗೊತ್ತಿಲ್ಲದ, ಗುಂಗುರು ಕೂದಲಿನ, ತೆಳ್ಳಗಿನ ಹುಡುಗ. ರ‍್ಯಾಕೆಟ್‌ಗೆ ಕಟ್ಟಿಸಿದ್ದು ಬೆಲ್ಜಿಯಂನ ಲಕ್ಸಿಲಾನ್ ಕಂಪನಿಯ ಪಾಲಿಯೆಸ್ಟರ್ ಎಳೆ. ಪ್ರಶಸ್ತಿ ಗೆದ್ದುಬಿಟ್ಟ. ಉಳಿದವರ ಕಣ್ಣು ಆ ಎಳೆಯ ಮೇಲೆ ಬಿತ್ತು.

ಪಾಲಿಯೆಸ್ಟರ್ ಗಡುಸು. ಚೆಂಡಿಗೆ ಹೆಚ್ಚು ಚಿಮ್ಮುವ ಶಕ್ತಿಯನ್ನೇನೂ ಕೊಡುವುದಿಲ್ಲ, ಆ ಲೆಕ್ಕದಲ್ಲಿ ಕರುಳಿನ ಎಳೆಯೇ ಮೇಲು. ಹಾಗಾದರೆ ಲಾಭವೇನು? ಅದು ನುಣುಪು. ರ‍್ಯಾಕೆಟ್‌ನಲ್ಲಿ ಉದ್ದ ಎಳೆ ಮತ್ತು ಅಡ್ಡ ಎಳೆ ಬುಟ್ಟಿ ಹೆಣೆದ ಹಾಗೆ ಒಂದರ ಮೇಲೊಂದು ಹಾದುಹೋಗುತ್ತವೆ. ಆಟಗಾರ ಕೆಳಗಿನಿಂದ ಮೇಲಕ್ಕೆ ಉಜ್ಜಿದಂತೆ ಬೀಸಿದಾಗ ಚೆಂಡು ಉದ್ದ ಎಳೆಗಳನ್ನು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ. ಎಳೆಗಳು ಒರಟಾಗಿದ್ದರೆ ಹಾಗೇ ಸಿಕ್ಕಿಕೊಂಡು ನಿಲ್ಲುತ್ತವೆ. ನುಣುಪಾಗಿದ್ದರೆ ಜಾರಿ, ಚೆಂಡು ಇನ್ನೂ ರ‍್ಯಾಕೆಟ್ ಮೇಲೆ ಇರುವಾಗಲೇ ಫಟ್ಟನೆ ತಮ್ಮ ಜಾಗಕ್ಕೆ ವಾಪಸ್ ಬರುತ್ತವೆ. ಬರುವಾಗ ಚೆಂಡನ್ನು ಬುಗುರಿಯಂತೆ ತಿರುಗಿಸುತ್ತವೆ. ಇದೆಲ್ಲ ನಡೆಯುವುದು ಸೆಕೆಂಡಿನ ಇನ್ನೂರನೇ ಒಂದು ಭಾಗದಷ್ಟು ಹೊತ್ತಿನಲ್ಲಿ. ಅತಿವೇಗದ ಕ್ಯಾಮೆರಾದಲ್ಲಿ ಹಿಡಿದಾಗಲಷ್ಟೇ ಇದು ಸರಿಯಾಗಿ ಗೊತ್ತಾಯಿತು. ಅಲ್ಲಿಯವರೆಗೆ 'ಎಳೆ ಒರಟಾಗಿದ್ದಷ್ಟೂ ಚೆಂಡನ್ನು ಚೆನ್ನಾಗಿ ಹಿಡಿಯುತ್ತದೆ, ಹೆಚ್ಚು ತಿರುಗಿಸುತ್ತದೆ' ಎಂದೇ ಬಹಳ ಜನ ನಂಬಿದ್ದರು.

ಇದಕ್ಕೊಂದು ಪೂರ್ವಕಥೆ ಇದೆ. 1977ರ ಅಕ್ಟೋಬರ್‌ನಲ್ಲಿ ಫ್ರಾನ್ಸ್‌ನ ಒಂದು ಟೂರ್ನಿಯ ಫೈನಲ್. ಮಣ್ಣಿನ ಅಂಗಳದಲ್ಲಿ ಸತತ 53 ಪಂದ್ಯ ಗೆದ್ದಿದ್ದ ಅರ್ಜೆಂಟೀನಾದ ಗಿಲ್ಲೆರ್ಮೊ ವಿಲಾಸ್ ಎದುರು ರುಮೇನಿಯಾದ ಇಲಿ ನಸ್ತಾಸೆ ಒಂದು ವಿಚಿತ್ರ ರ‍್ಯಾಕೆಟ್ ಹಿಡಿದು ಬಂದ. ಅದರಲ್ಲಿ ಎಳೆಗಳನ್ನು ಹೆಣೆದಿರಲಿಲ್ಲ. ಉದ್ದ ಎಳೆಗಳು ಎರಡು ಪದರವಾಗಿ, ಪ್ಲಾಸ್ಟಿಕ್ ಕೊಳವೆಗಳ ಸಹಾಯದಿಂದ ಸಲೀಸಾಗಿ ಜಾರುವ ಹಾಗೆ ಇದ್ದವು. ಜನ ಅದನ್ನು 'ಸ್ಪಗೆಟಿ ರ‍್ಯಾಕೆಟ್' ಎಂದು ಕರೆದರು. ಚೆಂಡು ಹೇಗೆ ಬರುತ್ತದೆ, ಎತ್ತ ಪುಟಿಯುತ್ತದೆ ಎಂದೇ ತಿಳಿಯದೆ ವಿಲಾಸ್ ಎರಡು ಸೆಟ್ ಸೋತು ಸಿಟ್ಟಿನಿಂದ ಆಟ ಬಿಟ್ಟು ಹೊರಟುಹೋದ. ಕೆಲವೇ ದಿನಗಳಲ್ಲಿ ಆ ರ‍್ಯಾಕೆಟ್‌ಗೆ ನಿಷೇಧ ಬಿತ್ತು. ಟೆನಿಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಮರುವರ್ಷ ಮೊದಲ ಬಾರಿಗೆ 'ರ‍್ಯಾಕೆಟ್ ಎಂದರೆ ಏನು' ಎಂದು ನಿಯಮ ಬರೆಯಿತು: ಎಳೆಗಳನ್ನು ಹೆಣೆದಿರಬೇಕು.

ಆ ರ‍್ಯಾಕೆಟ್ ಮಾಡುತ್ತಿದ್ದುದೂ ಅದನ್ನೇ, ಜಾರಿ ವಾಪಸ್ ಬರುವ ಎಳೆಯ ಆಟ. 1977ರಲ್ಲಿ ಮುಂಬಾಗಿಲಿನಿಂದ ಓಡಿಸಿದ್ದನ್ನು 20 ವರ್ಷದ ಮೇಲೆ ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡ ಹಾಗಾಯಿತು ಎಂದು ನನಗೆ ಅನಿಸುತ್ತದೆ. ಪಾಲಿಯೆಸ್ಟರ್ ಎಳೆಗಳನ್ನು ಹೆಣೆದೇ ಇರುತ್ತಾರೆ, ನಿಯಮ ಮುರಿದಂತಾಗಲಿಲ್ಲ. ಪರಿಣಾಮ ಮಾತ್ರ ಅದೇ ದಿಕ್ಕಿನದು.

ಪರಿಣಾಮ ಎಷ್ಟು? ವಿಡಿಯೋಗಳನ್ನು ನಿಧಾನಗೊಳಿಸಿ ಎಣಿಸಿದವರ ಲೆಕ್ಕದಂತೆ ಸಾಂಪ್ರಾಸ್ ಮತ್ತು ಅಗಾಸಿಯ ಫೋರ್‌ಹ್ಯಾಂಡ್ ಚೆಂಡು ನಿಮಿಷಕ್ಕೆ ಸುಮಾರು 1,800 ಸುತ್ತು ತಿರುಗುತ್ತಿತ್ತು. ಫೆಡರರ್‌ನದ್ದು ಸುಮಾರು 2,700. ನಡಾಲ್‌ನದ್ದು ಸರಾಸರಿ 3,200 ಸುತ್ತು.

ಚೆಂಡು ಮುಂದಕ್ಕೆ ಉರುಳುವಂತೆ ತಿರುಗುತ್ತಾ ಹಾರಿದರೆ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಕ್ರಿಕೆಟ್ ಗೊತ್ತಿದ್ದವರಿಗೆ ಇದನ್ನು ಹೇಳಬೇಕಾಗಿಲ್ಲ. ನಮ್ಮ ಪ್ರಸನ್ನ ಅವರ ಎಸೆತ ಬ್ಯಾಟ್ಸ್‌ಮನ್ ಎಣಿಸಿದ್ದಕ್ಕಿಂತ ಒಂದಡಿ ಹಿಂದೆಯೇ ಬಿದ್ದು ಮೋಸ ಮಾಡುತ್ತಿದ್ದುದರ ಹಿಂದೆಯೂ ಇದೇ ಇತ್ತು. ಗಂಟೆಗೆ 120 ಕಿ.ಮೀ. ವೇಗದ ಟೆನಿಸ್ ಚೆಂಡು 1,800 ಸುತ್ತು ತಿರುಗುತ್ತಿದ್ದರೆ ಗಾಳಿ ಕೆಳಕ್ಕೆ ಒತ್ತುವ ಬಲ ಚೆಂಡಿನ ತೂಕದ ಸುಮಾರು ಅರ್ಧದಷ್ಟು ಬರುತ್ತದೆ. 3,000 ಸುತ್ತಾದರೆ ಮುಕ್ಕಾಲಿನಷ್ಟು. ಅಂದರೆ ಆ ಚೆಂಡಿನ ಪಾಲಿಗೆ ಭೂಮಿಯ ಸೆಳೆತವೇ ಮುಕ್ಕಾಲು ಪಾಲು ಹೆಚ್ಚಾದ ಹಾಗೆ. ಆಗ ಎಷ್ಟೇ ಜೋರಾಗಿ ಹೊಡೆದರೂ, ನೆಟ್ ಮೇಲೆ ಎಷ್ಟೇ ಎತ್ತರದಲ್ಲಿ ಹಾದರೂ, ಚೆಂಡು ಗೆರೆಯೊಳಗೆ ಬೀಳುತ್ತದೆ.

ಈಗ ನೆಟ್ ಹತ್ತಿರ ನಿಂತವನ ಪಾಡು ಯೋಚಿಸಿ. ಮೊದಲು ಅವನ ಕಡೆಗೆ ಬರುತ್ತಿದ್ದ ಚೆಂಡು ಹೆಚ್ಚುಕಡಿಮೆ ನೇರವಾಗಿ, ಎದೆಯ ಮಟ್ಟದಲ್ಲಿ ಬರುತ್ತಿತ್ತು. ಕೈ ಚಾಚಿದರೆ ಪಾಯಿಂಟ್. ಈಗ ನೆಟ್ ದಾಟಿದ ಕೂಡಲೇ ಧುಮುಕಿ ಬೂಟಿನ ಹತ್ತಿರ ಬರುತ್ತದೆ. ಅದನ್ನು ಮೇಲಕ್ಕೆ ಎತ್ತಿಯೇ ಹೊಡೆಯಬೇಕು, ಎತ್ತಿದ ಚೆಂಡು ಎದುರಾಳಿಗೆ ಊಟ ಬಡಿಸಿದಂತೆ. ಇಲ್ಲವೇ ಅಡ್ಡಕ್ಕೆ, ಹಿಂದೆ ಅಸಾಧ್ಯವೆನಿಸುತ್ತಿದ್ದ ಕೋನದಲ್ಲಿ ಪಕ್ಕದಿಂದ ಹಾದುಹೋಗುತ್ತದೆ.

ಇಲ್ಲೊಂದು ಆರೋಗ್ಯದ ಮಾತು ಹೇಳಿಬಿಡುತ್ತೇನೆ. ನಡಾಲ್ ಕಟ್ಟಿಸುತ್ತಿದ್ದ ಎಳೆಯನ್ನೇ ಕಟ್ಟಿಸಬೇಕೆಂದು ಹೋಗುವ ಭಾನುವಾರದ ಆಟಗಾರರು ನಮ್ಮಲ್ಲಿ ಬಹಳ. ಆದರೆ ಎಳೆ ಜಾರಿ ವಾಪಸ್ ಬರಬೇಕಾದರೆ ಆ ಮಟ್ಟದ ಬೀಸು ಬೇಕು. ನಿಧಾನವಾಗಿ ಬೀಸುವವರಿಗೆ ಸಿಗುವುದು ಗಡುಸುತನ ಮಾತ್ರ, ಹೊಡೆತದ ಅದಿರು ನೇರ ಮೊಣಕೈಗೆ. ಮೊಣಕೈ ನೋವು ಇರುವವರು ಮೃದುವಾದ ನೈಲಾನ್ ಎಳೆಯನ್ನು ಸ್ವಲ್ಪ ಸಡಿಲವಾಗಿ ಕಟ್ಟಿಸಿಕೊಳ್ಳುವುದು ವಾಸಿ.

ಹುಲ್ಲನ್ನು ಬೇಕೆಂದೇ ನಿಧಾನ ಮಾಡಿದರೇ?

ಎಳೆಯೊಂದೇ ಕಾರಣವಲ್ಲ. ಹುಲ್ಲಿನ ಪಾತ್ರವೂ ಇದೆ, ಅದರ ಸುತ್ತ ಒಂದು ಪಿತೂರಿ ಕಥೆಯೂ ಇದೆ.

2000ದವರೆಗೆ ವಿಂಬಲ್ಡನ್ ಅಂಗಳದಲ್ಲಿ ಎರಡು ಬಗೆಯ ಹುಲ್ಲು ಇತ್ತು. ನೂರಕ್ಕೆ 70 ಪಾಲು ರೈ ಹುಲ್ಲು, 30 ಪಾಲು ಫೆಸ್ಕ್ಯೂ ಎಂಬ ಹಬ್ಬುವ ಹುಲ್ಲು. 2001ರಿಂದ ಪೂರ್ತಿ ರೈ ಹುಲ್ಲು. ಇದನ್ನು ಹಿಡಿದುಕೊಂಡು 'ಸರ್ವ್‌ಗಳನ್ನು ನೋಡಿ ಬೇಸತ್ತ ಜನರಿಗಾಗಿ, ಟಿವಿಯವರಿಗಾಗಿ ಆಟವನ್ನು ನಿಧಾನ ಮಾಡಿದರು' ಎಂದು ಹೇಳುವವರಿದ್ದಾರೆ. ಕ್ಲಬ್ ಹೇಳುವ ಕಾರಣ ಬೇರೆ: ರೈ ಹುಲ್ಲು ಗಟ್ಟಿ, ಎರಡು ವಾರದ ತುಳಿತವನ್ನು ತಾಳಿಕೊಳ್ಳುತ್ತದೆ. ಬಾಳಿಕೆಗಾಗಿಯೇ ಬದಲಿಸಿದ್ದಿರಬಹುದು. ಆದರೂ ಆಟ ಬದಲಾದದ್ದು ಸುಳ್ಳಲ್ಲ, ಮತ್ತು ಬದಲಾದದ್ದು ಚೆಂಡಿನ ವೇಗಕ್ಕಿಂತ ಹೆಚ್ಚಾಗಿ ಪುಟಿಯುವ ಎತ್ತರ.

ಮೆತ್ತನೆಯ, ತೇವದ ನೆಲಕ್ಕೆ ಬಿದ್ದ ಚೆಂಡು ಜಾರಿ ತಗ್ಗಿನಲ್ಲೇ ಸಾಗುತ್ತದೆ. ಹಳೆಯ ಹುಲ್ಲಿನಂಗಳದಲ್ಲಿ ಚೆಂಡು ಎತ್ತ ಪುಟಿಯುತ್ತದೆ ಎಂದು ನಂಬುವ ಹಾಗೂ ಇರಲಿಲ್ಲ. ನೆಲಕ್ಕೆ ಬೀಳಲು ಬಿಟ್ಟರೆ ಕೆಟ್ಟೆ, ಗಾಳಿಯಲ್ಲೇ ಹೊಡೆದುಬಿಡು ಎನ್ನುವುದು ಆಗ ಬುದ್ಧಿವಂತಿಕೆಯಾಗಿತ್ತು. ಸರ್ವ್ ಅಂಡ್ ವಾಲಿ ಒಂದು ರೀತಿಯಲ್ಲಿ ಕೆಟ್ಟ ನೆಲಕ್ಕೆ ಆಟಗಾರರು ಕಂಡುಕೊಂಡ ಉತ್ತರ. ಗಟ್ಟಿಯಾದ, ಒಣಗಿದ ನೆಲದಲ್ಲಿ ಚೆಂಡು ಎತ್ತರಕ್ಕೆ, ಒಂದೇ ಸಮನೆ ಪುಟಿಯುತ್ತದೆ. ಎತ್ತರಕ್ಕೆ ಎದ್ದ ಚೆಂಡು ಎರಡನೇ ಸಲ ಬೀಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಬೇಸ್‌ಲೈನ್‌ನಲ್ಲಿ ನಿಂತವನಿಗೆ ಆ ಚೂರು ಹೊತ್ತು ಸಾಕು. ಜನ 'ನಿಧಾನವಾಯಿತು' ಎನ್ನುವುದು ಇದನ್ನೇ.

ಉಳಿದ ಕಡೆಯೂ ಹುಲ್ಲು ಅಷ್ಟರಲ್ಲಿ ಕಾಣೆಯಾಗಿತ್ತು. ನಾಲ್ಕು ಗ್ರ್ಯಾಂಡ್ ಸ್ಲಾಂಗಳ ಪೈಕಿ ಮೂರು ಒಂದು ಕಾಲಕ್ಕೆ ಹುಲ್ಲಿನ ಮೇಲೆ ನಡೆಯುತ್ತಿದ್ದವು. ಅಮೆರಿಕ 1975ರಲ್ಲಿ, ಆಸ್ಟ್ರೇಲಿಯಾ 1988ರಲ್ಲಿ ಹುಲ್ಲು ಬಿಟ್ಟವು. ಚೆಂಡು ಸರ್ರನೆ ಜಾರುತ್ತಿದ್ದ ಒಳಾಂಗಣದ ಕಾರ್ಪೆಟ್ ಅಂಗಳಗಳನ್ನು ಪುರುಷರ ಟೂರ್ 2009ರಲ್ಲಿ ಕೈಬಿಟ್ಟಿತು. ವರ್ಷದ ಬಹುಪಾಲು ಬೇಸ್‌ಲೈನ್‌ನಲ್ಲೇ ಗೆಲ್ಲಬಹುದಾದರೆ ಕೆಲವೇ ವಾರದ ಹುಲ್ಲಿಗಾಗಿ ಯಾವ ಹುಡುಗ ವಾಲಿ ಕಲಿಯುತ್ತಾನೆ? ಯಾವ ಕೋಚ್ ಕಲಿಸುತ್ತಾನೆ? ಫೆಡರರ್ 2001ರಲ್ಲಿ ಸಾಂಪ್ರಾಸ್‌ನನ್ನು ಸೋಲಿಸಿದಾಗ ಸರ್ವ್ ಹಿಂದೆ ನೆಟ್‌ಗೆ ಓಡಿಯೇ ಸೋಲಿಸಿದ್ದ. ಕೆಲವೇ ವರ್ಷಗಳಲ್ಲಿ ಅವನೇ ಅದೇ ಅಂಗಳದಲ್ಲಿ ಹೆಚ್ಚಿನ ಪಾಯಿಂಟ್‌ಗಳನ್ನು ಹಿಂದೆ ನಿಂತು ಗೆಲ್ಲುತ್ತಿದ್ದ.

ಹಾಗಾದರೆ ಯಾರು ದೊಡ್ಡವರು?

ಜೊಕೊವಿಚ್ 24, ನಡಾಲ್ 22, ಫೆಡರರ್ 20, ಸಾಂಪ್ರಾಸ್ 14, ಬೋರ್ಗ್ 11, ಲೇವರ್ 11. ಗ್ರ್ಯಾಂಡ್ ಸ್ಲಾಂ ಪ್ರಶಸ್ತಿಗಳ ಈ ಪಟ್ಟಿ ಹಿಡಿದು ವಾದ ಮಾಡುವವರು ಇನ್ನೊಂದು ಪಟ್ಟಿಯನ್ನೂ ನೋಡಬೇಕು. ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಎರಡನ್ನೂ ಒಂದೇ ವರ್ಷ ಗೆಲ್ಲುವುದು ಬಹಳ ಕಷ್ಟದ ಸಾಧನೆ, ಒಂದು ಮಣ್ಣು, ಇನ್ನೊಂದು ಹುಲ್ಲು, ನಡುವೆ ಕೆಲವೇ ವಾರ. ಬೋರ್ಗ್ 1978, 79, 80ರಲ್ಲಿ ಗೆದ್ದ. ಆಮೇಲೆ 27 ವರ್ಷ ಒಬ್ಬರಿಂದಲೂ ಆಗಲಿಲ್ಲ. ಆಮೇಲೆ ನೋಡಿ: 2008 ನಡಾಲ್, 2009 ಫೆಡರರ್, 2010 ಮತ್ತೆ ನಡಾಲ್, 2021 ಜೊಕೊವಿಚ್, 2024 ಅಲ್ಕರಾಜ್.

ನಾಲ್ಕೂ ಗ್ರ್ಯಾಂಡ್ ಸ್ಲಾಂ ಗೆಲ್ಲುವುದರ ಕಥೆಯೂ ಇದೇ. ಲೇವರ್ 1969ರಲ್ಲಿ ಒಂದೇ ವರ್ಷ ನಾಲ್ಕನ್ನೂ ಗೆದ್ದ ಮೇಲೆ ನಾಲ್ಕರ ಲೆಕ್ಕ ಪೂರ್ತಿ ಮಾಡಿದ ಮುಂದಿನ ಗಂಡಸು ಅಗಾಸಿ, 1999ರಲ್ಲಿ. ಅದಾದ ಮೇಲೆ 2009, 2010, 2016ರಲ್ಲಿ ಒಬ್ಬೊಬ್ಬರಾಗಿ ಫೆಡರರ್, ನಡಾಲ್, ಜೊಕೊವಿಚ್. ಈ ಮೂವರು ಅಸಾಮಾನ್ಯರು, ಅನುಮಾನವಿಲ್ಲ. ಆದರೆ ಅಂಗಳಗಳು ಒಂದನ್ನೊಂದು ಹೋಲತೊಡಗಿದ್ದರಿಂದ ಒಂದೇ ಬಗೆಯ ಆಟ ನಾಲ್ಕೂ ಕಡೆ ನಡೆಯಿತು ಎನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಂಪ್ರಾಸ್ ಒಮ್ಮೆಯೂ ಫ್ರೆಂಚ್ ಓಪನ್ ಫೈನಲ್ ತಲುಪಲಿಲ್ಲ. ಅವನ ಆಟ ಮತ್ತು ಆ ಮಣ್ಣು ಬೇರೆ ಬೇರೆ ಆಟಗಳೇ ಆಗಿದ್ದವು.

ಪಟ್ಟಿಯ ಇನ್ನೊಂದು ತುದಿಯಲ್ಲಿ ಲೇವರ್ ಇದ್ದಾನೆ. 1968ಕ್ಕೆ ಮುಂಚೆ ದುಡ್ಡಿಗಾಗಿ ಆಡುವ ವೃತ್ತಿಪರರಿಗೆ ಗ್ರ್ಯಾಂಡ್ ಸ್ಲಾಂನಲ್ಲಿ ಪ್ರವೇಶವೇ ಇರಲಿಲ್ಲ. 1962ರಲ್ಲಿ ನಾಲ್ಕನ್ನೂ ಗೆದ್ದು ವೃತ್ತಿಪರನಾದ ಲೇವರ್ 1963ರಿಂದ 67ರವರೆಗೆ 20 ಗ್ರ್ಯಾಂಡ್ ಸ್ಲಾಂಗಳಿಂದ ಹೊರಗಿದ್ದ, ಅದೂ ತನ್ನ 24ರಿಂದ 29ನೇ ವಯಸ್ಸಿನ ಉಚ್ಛ್ರಾಯ ಕಾಲದಲ್ಲಿ. 1968ರಲ್ಲಿ ಬಾಗಿಲು ತೆರೆದಾಗ ಬಂದು ವಿಂಬಲ್ಡನ್ ಗೆದ್ದ, ಬಹುಮಾನ 2,000 ಪೌಂಡ್. ಬೋರ್ಗ್ ಆಸ್ಟ್ರೇಲಿಯಾಕ್ಕೆ ಹೋಗಿ ಆಡಿದ್ದೇ ಒಂದು ಸಲ. ಆಗ ಯಾರೂ ಇವನ್ನು ಎಣಿಸುತ್ತಿರಲಿಲ್ಲ.

ನೆಟ್‌ನ ಆಟ ಪೂರ್ತಿ ಅಳಿದಿಲ್ಲ. ತಿರುಗುವ ಚೆಂಡಿಗೆ ಹೆದರಿ ಸರ್ವ್ ಎದುರಿಸುವವರು ಈಗ ಬೇಸ್‌ಲೈನ್‌ಗಿಂತ ಬಹಳ ಹಿಂದೆ ಸರಿದು ನಿಲ್ಲುತ್ತಾರೆ. ಅಷ್ಟು ಹಿಂದೆ ನಿಂತರೆ ಮುಂದೆ ದೊಡ್ಡ ಬಯಲು ಖಾಲಿ ಬಿಟ್ಟ ಹಾಗೆ. ಅಲ್ಕರಾಜ್ ಅದನ್ನು ನೋಡಿಕೊಂಡೇ ಆಗಾಗ ಸರ್ವ್ ಹಿಂದೆ ಓಡಿಬರುತ್ತಾನೆ, ಇಲ್ಲವೇ ನೆಟ್ ದಾಟಿ ಮೆಲ್ಲಗೆ ಬೀಳುವ ಡ್ರಾಪ್ ಶಾಟ್ ಹಾಕುತ್ತಾನೆ.

ಇನ್ನು ಡಬಲ್ಸ್ ಇದೆ. ಅಲ್ಲಿ ನೆಟ್ ಬಳಿ ಮೊದಲೇ ಒಬ್ಬ ಜೊತೆಗಾರ ಕಾಯುತ್ತಿರುತ್ತಾನೆ, ಅಂಗಳದ ಅಗಲವನ್ನು ಇಬ್ಬರು ಹಂಚಿಕೊಳ್ಳುತ್ತಾರೆ, ಪಕ್ಕದಿಂದ ಚೆಂಡು ದಾಟಿಸುವುದು ಅಷ್ಟು ಸುಲಭವಲ್ಲ. ಜೋರು ಸರ್ವ್, ಚುರುಕು ಕೈ ಇದ್ದವರಿಗೆ ಅಲ್ಲಿ ಇನ್ನೂ ಬೆಲೆ ಇದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಮೊಣಕಾಲಿನ ಮೃದ್ವಸ್ಥಿ ಸವೆದುಹೋಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಬೇಸ್‌ಲೈನ್‌ನಲ್ಲಿ ಐದು ಗಂಟೆ ಅತ್ತಿಂದಿತ್ತ ಓಡುವ ಇಂದಿನ ಸಿಂಗಲ್ಸ್ ಆ ಮೊಣಕಾಲಿಗೆ ಸಾಧ್ಯವಿರಲಿಲ್ಲ. ಸರ್ವ್ ಮಾಡಿ ಎರಡು ಹೆಜ್ಜೆ ಮುಂದೆ ಬಂದು, ಎರಡನೇ ಅಥವಾ ಮೂರನೇ ಹೊಡೆತದಲ್ಲಿ ಪಾಯಿಂಟ್ ಮುಗಿಸುವುದು ಸಾಧ್ಯವಿತ್ತು.